ಹಾಡಿನ ಗುಣ ನೋಡಿ ಪ್ಲೇಲಿಸ್ಟ್ ತಾನೇ ಆಗಬೇಕು: ನೀವು ಹೇಗೆ ಮಾಡಿಕೊಂಡಿದ್ದೀರಿ?

ಕೇಳಿದ್ದು

ಅಪ್ಪ ಸಿಡಿಗಳಿಂದ ಇಳಿಸಿಟ್ಟ ಹಾಡು, ಆಮೇಲೆ ನಾನು ಸೇರಿಸಿದ್ದು, ಎಲ್ಲ ಸೇರಿ ಒಂದು ಹಾರ್ಡ್ ಡಿಸ್ಕ್ ತುಂಬಾ ಎಂಪಿ3 ಇದೆ. ಹಳೇ ಚಿತ್ರಗೀತೆ, ಭಾವಗೀತೆ, ದೇವರನಾಮ, ಒಂದಿಷ್ಟು ಕಛೇರಿ. ಒಂದೊಂದೇ ಆರಿಸಿ ಪಟ್ಟಿ ಮಾಡೋಕೆ ಪುರುಸೊತ್ತಿಲ್ಲ. ಅಡುಗೆ ಮಾಡುವಾಗ ಒಂದು, ಕಾರಿಗೊಂದು, ರಾತ್ರಿಗೊಂದು ಪಟ್ಟಿ ತಾನಾಗಿ ತಯಾರಾಗಬೇಕು. ಹಾಡಿನ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನೋದನ್ನು, ಅಳೆಯುವ ಸಾಫ್ಟ್‌ವೇರ್ ಹಾಕಿದರೆ ಸಾಕು ಅಂತ ಆಫೀಸಲ್ಲಿ ಒಬ್ಬರು ಹೇಳಿದರು. ಅಷ್ಟೇ ಸಾಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ

ಸಾಕಾಗಲ್ಲ ಮೇಡಂ. ಬಿಪಿಎಂ ಕೊನೆಗೆ ನೋಡಿಕೊಳ್ಳಿ, ಮೊದಲು ಟ್ಯಾಗ್, ಅಂದರೆ ಫೈಲಿನೊಳಗಿನ ಗಾಯಕರು, ವರ್ಷ, ಆಲ್ಬಮ್ ಥರದ ವಿವರ, ಸರಿ ಮಾಡಿ.

ಈ ಪಟ್ಟಿ ಮಾಡುವ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಹಾಡು ಕೇಳಿ ತೀರ್ಮಾನ ಮಾಡುವುದಿಲ್ಲ. ಫೈಲಿನೊಳಗೆ ಬರೆದಿಟ್ಟ ಟ್ಯಾಗ್ ಓದುತ್ತವೆ, ಅಷ್ಟೇ. ಐಟ್ಯೂನ್ಸ್‌ನಲ್ಲಿ 2002ರಲ್ಲಿ ಬಂದ ಸ್ಮಾರ್ಟ್ ಪ್ಲೇಲಿಸ್ಟ್ ಕೂಡ ಹೀಗೇ, ಈಗಿನ ಮ್ಯೂಸಿಕ್‌ಬೀಯ ಆಟೋ ಪ್ಲೇಲಿಸ್ಟೂ ಹೀಗೇ. ಟ್ಯಾಗ್ ಸುಳ್ಳಾದರೆ ಪಟ್ಟಿಯೂ ಸುಳ್ಳು.

ನಮ್ಮ ಹಾಡುಗಳ ಟ್ಯಾಗ್ ಹೇಗಿರುತ್ತೆ ಅಂತ ಒಮ್ಮೆ ತೆರೆದು ನೋಡಿ. ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಚುಕ್ಕೆ ಇಟ್ಟು ಬರೆದಿರುತ್ತಾರೆ, ಒಬ್ಬರು ಬಿಟ್ಟು. ಮತ್ತೊಬ್ಬರು ಬರೀ ಎಸ್‌ಪಿಬಿ ಅಂದಿರುತ್ತಾರೆ. ಪ್ಲೇಯರಿಗೆ ಅವರೆಲ್ಲ ಬೇರೆ ಬೇರೆ ಗಾಯಕರು! ವರ್ಷದ ಜಾಗದಲ್ಲಿ ಸಿನಿಮಾದ ವರ್ಷ ಇರೋದಿಲ್ಲ, ಸಿಡಿ ಬಂದ ವರ್ಷ ಇರುತ್ತೆ. ಹಾಗಾಗಿ ಎಪ್ಪತ್ತರ ದಶಕದ ಹಾಡು 2004ರದ್ದು ಅಂತ ಕೂತಿರುತ್ತೆ. ಆಲ್ಬಮ್ ಹೆಸರಲ್ಲಿ ಯಾವುದೋ ಡೌನ್‌ಲೋಡ್ ಸೈಟಿನ ಜಾಹೀರಾತು.

ಎಲ್ಲಕ್ಕಿಂತ ಕಾಟ ಕೊಡೋದು ಗಾಯಕರ ಜಾಗದಲ್ಲಿ ನಾಯಕನ ಹೆಸರು. ಅದರಲ್ಲೂ ರಾಜ್‌ಕುಮಾರ್ ವಿಷಯದಲ್ಲಿ ಇದು ದೊಡ್ಡ ಗೋಜಲು. 1974ರ ತನಕ ಅವರಿಗೆ ಹೆಚ್ಚಾಗಿ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್, ಆಮೇಲೆ ಬಹುಪಾಲು ಅಣ್ಣಾವ್ರೇ ಹಾಡಿದರು. ಟ್ಯಾಗಿನಲ್ಲಿ ಎರಡಕ್ಕೂ ರಾಜ್‌ಕುಮಾರ್ ಅಂತಲೇ ಇದ್ದರೆ ಪಿಬಿಎಸ್ ಪಟ್ಟಿ ಖಾಲಿ ಬರುತ್ತೆ. ನಾನು ಸಿನಿಮಾದ ವರ್ಷ ಸರಿ ಮಾಡಿ, 1975ಕ್ಕಿಂತ ಹಿಂದಿನವನ್ನು ಒಟ್ಟಿಗೆ ತೆಗೆದು, ಕಿವಿಯಲ್ಲಿ ಕೇಳಿ ಹೆಸರು ಬದಲಿಸಿದೆ. ಎಂಪಿ3ಟ್ಯಾಗ್ ಅನ್ನೋ ಸಾಫ್ಟ್‌ವೇರಿನಲ್ಲಿ ನೂರು ಫೈಲ್ ಆಯ್ಕೆ ಮಾಡಿ ಒಂದೇ ಸಲಕ್ಕೆ ಬದಲಿಸಬಹುದು. ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಹಾಡಿನ ದನಿ ಗುರುತಿಸಿ ಹೆಸರು ಹುಡುಕಿ ತರುತ್ತೆ, ಆದರೆ ಹಳೇ ಕನ್ನಡ ಹಾಡು ಅದಕ್ಕೆ ಸಿಕ್ಕರೆ ಪುಣ್ಯ.

ಸಂಗೀತ ನಿರ್ದೇಶಕರಿಗೆ, ಸಾಹಿತ್ಯ ಬರೆದವರಿಗೆ ಟ್ಯಾಗಿನಲ್ಲಿ ಬೇರೆ ಬೇರೆ ಜಾಗ ಇದೆ. ಯಾರೂ ತುಂಬೋದಿಲ್ಲ, ನೀವು ತುಂಬಿ. ನನ್ನ ಅನುಭವದಲ್ಲಿ ಕನ್ನಡ ಹಾಡುಗಳ ಮೂಡ್ ಹಿಡಿಯೋಕೆ ಬಿಪಿಎಂಗಿಂತ ಇವೆರಡೇ ವಾಸಿ. ರಾಜನ್–ನಾಗೇಂದ್ರ ಅಂತ ಒಂದು ನಿಯಮ ಹಾಕಿ ನೋಡಿ, ಅರ್ಧ ಸಂಜೆಯ ಪಟ್ಟಿ ಅಲ್ಲೇ ಆಯ್ತು.

ಈಗ ನನ್ನ ರಾತ್ರಿ ಪಟ್ಟಿಯ ನಿಯಮ: ಬಗೆ ಭಾವಗೀತೆ ಅಥವಾ ಚಿತ್ರಗೀತೆ, ಸ್ಟಾರ್ 3 ಅಥವಾ ಜಾಸ್ತಿ, ಕಾಮೆಂಟ್‌ನಲ್ಲಿ ‘ರಾತ್ರಿ’ ಅನ್ನೋ ಪದ, ಕಳೆದ 30 ದಿನದಲ್ಲಿ ಕೇಳಿರಬಾರದು, ಒಟ್ಟು 25 ಹಾಡು. ಆ 30 ದಿನದ ನಿಯಮ ಮಾತ್ರ ಬಿಡಲೇಬೇಡಿ. ಅದಿಲ್ಲದಿದ್ದರೆ ಅದೇ ಹತ್ತು ಹಾಡು ಸುತ್ತಿ ಸುತ್ತಿ ಬರುತ್ತೆ. ಫೂಬಾರ್2000 ಪ್ಲೇಯರ್ ಬಳಸುವುದಾದರೆ ಕೇಳಿದ ಲೆಕ್ಕ ಇಡೋಕೆ ಪ್ಲೇಬ್ಯಾಕ್ ಸ್ಟಾಟಿಸ್ಟಿಕ್ಸ್ ಅನ್ನೋ ಕಾಂಪೊನೆಂಟ್ ಬೇರೆ ಹಾಕಿಕೊಳ್ಳಬೇಕು.

ಇನ್ನೊಂದು ಉತ್ತರ

ಮೇಲಿನವರು ಹೇಳಿದ್ದು ಸರಿ. ಬಿಪಿಎಂ ಯಾಕೆ ಕೈಕೊಡುತ್ತೆ ಅಂತ ನಾನು ಸೇರಿಸುತ್ತೇನೆ.

ಈ ಸಾಫ್ಟ್‌ವೇರ್‌ಗಳಿಗೆ ಒಂದೇ ಸಮ ಡ್ರಮ್ ಬಡಿಯುವ ಹಾಡು ಕೊಟ್ಟರೆ ಚೆನ್ನಾಗಿ ಅಳೆಯುತ್ತವೆ. ವಿಳಂಬದ ಕೃತಿ ಕೊಡಿ, ತಾಳ ನಿಧಾನ ಇದ್ದರೂ ಮೃದಂಗದ ಪೆಟ್ಟುಗಳು ದಟ್ಟವಾಗಿರುತ್ತವಲ್ಲ, ಅದನ್ನು ಹಿಡಿದು ಎರಡರಷ್ಟು ತೋರಿಸುತ್ತೆ. 70 ಇರಬೇಕಾದದ್ದು 140 ಆಗುತ್ತೆ. ತಾಳವೇ ಇಲ್ಲದ ಆಲಾಪಕ್ಕಂತೂ ಬಾಯಿಗೆ ಬಂದ ಅಂಕಿ. ಜೋಗುಳ ಹೋಗಿ ಜಾಗಿಂಗ್ ಪಟ್ಟಿಯಲ್ಲಿ ಕೂತಿರುತ್ತೆ! 130 ದಾಟಿದವನ್ನೆಲ್ಲ ಬೇರೆ ತೆಗೆದು ಕಣ್ಣಾಡಿಸಿ, ಅನುಮಾನ ಬಂದದ್ದನ್ನು ಕೇಳಿ ಅರ್ಧ ಮಾಡಿ.

ಶ್ರುತಿ, ಸ್ವರ ಗುರುತಿಸುವ ಸಾಫ್ಟ್‌ವೇರ್‌ನಿಂದ ರಾಗ ಸಿಗುತ್ತೆ ಅಂತಲೂ ಅಂದುಕೊಳ್ಳಬೇಡಿ. ಅವು ಪಾಶ್ಚಾತ್ಯ ಸಂಗೀತದ ಮೇಜರ್, ಮೈನರ್ ಲೆಕ್ಕದಲ್ಲಿ ಹೇಳುತ್ತವೆ. ಮೋಹನ ರಾಗದ ಐದು ಸ್ವರಗಳನ್ನೇ ಇಟ್ಟುಕೊಂಡು ರಿಷಭವನ್ನು ಷಡ್ಜ, ಅಂದರೆ ಆಧಾರದ ‘ಸ’, ಮಾಡಿದರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿದರೆ ಹಿಂದೋಳ. ಗ್ರಹಭೇದ ಅಂತೀವಲ್ಲ, ಅದೇ. ಷಡ್ಜ ಎಲ್ಲಿದೆ ಅಂತ ಗೊತ್ತಿಲ್ಲದೆ ಬರೀ ಸ್ವರ ಎಣಿಸಿದರೆ ಮೂರೂ ಒಂದೇ ಥರ ಕಾಣುತ್ತವೆ. ಎಂಪಿ3ಟ್ಯಾಗ್‌ನಲ್ಲಿ ‘ರಾಗ’ ಅಂತ ಹೊಸ ಜಾಗ ಮಾಡಿಕೊಳ್ಳಬಹುದು. ನಾನು ಸಿಡಿ ಕವರ್ ನೋಡಿ ಕೈಯಲ್ಲೇ ತುಂಬುತ್ತೇನೆ. ಬೆಳಗಿನ ಪಟ್ಟಿಗೆ ಭೂಪಾಲ, ಬೌಳಿ ಅಂತ ಹಾಕಿದರೆ ಮೂಡ್ ಅಳೆಯುವ ಯಂತ್ರವೇ ಬೇಡ.

ಮತ್ತೊಬ್ಬರು

ಸ್ಪಾಟಿಫೈ ಹಿಂದೆ ಒಂದೊಂದು ಹಾಡಿನ ಎನರ್ಜಿ, ವೇಲೆನ್ಸ್ ಅಂದರೆ ಎಷ್ಟು ಖುಷಿಯ ಹಾಡು ಅನ್ನೋದನ್ನು 0ಯಿಂದ 1ರೊಳಗೆ ಅಂಕಿಯಾಗಿ ಕೊಡುತ್ತಿತ್ತು. ಅದನ್ನು ತೆಗೆದುಕೊಂಡು ಪಟ್ಟಿ ಮಾಡಿ ಅಂತ ಹಳೇ ವಿಡಿಯೊಗಳಲ್ಲಿ ಹೇಳಿರುತ್ತಾರೆ. 2024ರ ನವೆಂಬರ್‌ನಲ್ಲಿ ಹೊಸ ಆ್ಯಪ್‌ಗಳಿಗೆ ಅದನ್ನು ನಿಲ್ಲಿಸಿದರು. ಅದರ ಹಿಂದೆ ಬಿದ್ದು ಟೈಮ್ ವೇಸ್ಟ್ ಮಾಡಬೇಡಿ. ಅಲ್ಲದೆ ದುಃಖದ ಸಾಹಿತ್ಯಕ್ಕೆ ಓಡುವ ಟ್ಯೂನ್ ಹಾಕಿದ ಹಾಡು ನಮ್ಮಲ್ಲಿ ಬೇಕಾದಷ್ಟಿವೆ. ಮಾತು ತಿಳಿಯದ ಯಂತ್ರ ಅವನ್ನು ಖುಷಿಯ ಹಾಡು ಅಂತಲೇ ಎಣಿಸುತ್ತೆ.

ಕಾರಿನ ವಿಷಯ. ಫೈಲಿನ ಹೆಸರು ಕನ್ನಡದಲ್ಲಿದ್ದರೆ ಪಟ್ಟಿಯ ಫೈಲನ್ನು ಎಂ3ಯು (.m3u) ಅಂತ ಉಳಿಸಬೇಡಿ, ಎಂ3ಯು8 (.m3u8) ಅಂತ ಉಳಿಸಿ. ಮೊದಲನೆಯದರಲ್ಲಿ ಕನ್ನಡ ಅಕ್ಷರ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗಿ ಹಾಡೇ ಸಿಗೋದಿಲ್ಲ. ನನ್ನ ಕಾರಿನ ಸ್ಟೀರಿಯೊ ಎರಡನ್ನೂ ಓದಲ್ಲ. ಅದಕ್ಕೆ ಪಟ್ಟಿಯ ಹಾಡುಗಳನ್ನೇ 001, 002 ಅಂತ ಹೆಸರಿಟ್ಟು ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತೇನೆ. ಒಂದು ಮಾತು, ರೀಪ್ಲೇಗೇನ್ ಸ್ಕ್ಯಾನ್ ಮಾಡಿ ದನಿ ಸಮ ಮಾಡಿಕೊಳ್ಳಿ. ಇಲ್ಲದಿದ್ದರೆ ಅರವತ್ತರ ದಶಕದ ಮೆತ್ತಗಿನ ಹಾಡಿಗೆ ವಾಲ್ಯೂಮ್ ಏರಿಸಿರುತ್ತೀರಿ, ಮುಂದಿನ ಹೊಸ ಹಾಡಿಗೆ ಹಿಂದೆ ಮಲಗಿದ ಮಗು ಎದ್ದು ಕೂತಿರುತ್ತೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಸಿನಿಮಾ ವರ್ಷದಿಂದಲೇ ಶುರು ಮಾಡಿದೆ. ಅಡುಗೆಮನೆ ಪಟ್ಟಿ ಬಂತು, ಆದರೆ ನಡುವೆ ಮುಕ್ಕಾಲು ಗಂಟೆಯ ರಾಗ-ತಾನ-ಪಲ್ಲವಿ ನುಗ್ಗಿದೆ. ಒಬ್ಬರದೇ ಹಾಡು ಸಾಲಾಗಿಯೂ ಬರುತ್ತಿದೆ. ಏನು ಮಾಡಲಿ?

ಉತ್ತರ

ಉದ್ದ 7 ನಿಮಿಷಕ್ಕಿಂತ ಕಡಿಮೆ ಅಂತ ಒಂದು ನಿಯಮ ಸೇರಿಸಿ, ಪಲ್ಲವಿ ಹೋಗುತ್ತೆ. ಇಷ್ಟಾದ ಮೇಲೂ ಬಂದರೆ ‘ಯಾವುದಾದರೂ ಒಂದು ನಿಯಮ’ ಅಂತ ಇರೋದನ್ನು ‘ಎಲ್ಲ ನಿಯಮಗಳೂ’ ಅಂತ ಬದಲಿಸಿ. ಸಾಲಾಗಿ ಬರೋದಕ್ಕೆ ಗಾಯಕರ ಹೆಸರಿನ ಮೇಲೆ ಜೋಡಿಸಿದ್ದೀರಾ ನೋಡಿ, ಅದನ್ನು ತೆಗೆದು ರ‍್ಯಾಂಡಮ್ ಮಾಡಿ. ಆಮೇಲೂ ಎಸ್‌. ಜಾನಕಿ ಅವರ ಹಾಡು ಮೂರು ಒಟ್ಟಿಗೆ ಬಂದರೆ, ಸುಮ್ನೆ ಕೇಳಿ.