ಪಂಪ್ ಸ್ಟೌ, ವಾಷಿಂಗ್ ಮಷೀನ್, ರೇಡಿಯೊ: ಬಂದಮೇಲೆ ಮನೆಯಲ್ಲಿ ಯಾರ ಕೆಲಸ ತಪ್ಪಿತು, ಯಾರ ಮೇಲೆ ಬಿತ್ತು?

ಹಳೆಸಾಮಾನು (ಪ್ರಶ್ನೆ):
ಮನೆಬಳಕೆಯ ಹಳೆಯ ಉಪಕರಣಗಳ ಪ್ರದರ್ಶನಕ್ಕೆ ವಿವರಣೆ ಬರೆಯಬೇಕಿದೆ. ‘ಇದು ಬಂತು, ಕೆಲಸ ಸುಲಭವಾಯಿತು’ ಅಂತ ಬರೆದರೆ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಹೇಗೆ ನಡೆಸುತ್ತಿದ್ದರು, ಎಲ್ಲಿ ಕೈಕೊಡುತ್ತಿತ್ತು, ಮನೆಯವರ ದಿನಚರಿಯಲ್ಲಿ ಏನು ಕದಲಿತು, ಇಷ್ಟು ಬೇಕು. ಮೊದಲು ಹಿತ್ತಾಳೆಯ ಪಂಪ್ ಸ್ಟೌ. ಪಕ್ಕದಲ್ಲಿ ಸ್ಪಿರಿಟ್ ಬಾಟಲಿ, ತಗಡಿಗೆ ಕೂರಿಸಿದ ಪಿನ್ ಇಡುತ್ತೇನೆ. ಇವೆರಡೂ ಯಾಕೆ ಬೇಕಿತ್ತು ಅನ್ನುವುದನ್ನು ಬಿಡಿಸಿ ಹೇಳುವಿರಾ?

ನೀಲಿಜ್ವಾಲೆ:
ಸ್ವೀಡನ್ನಿನ ಫ್ರಾನ್ಸ್ ಲಿಂಡ್‌ಕ್ವಿಸ್ಟ್ ಅವರ ಪ್ರೈಮಸ್ ಎಂಬ ಪಂಪ್ ಸ್ಟೌ 1892ರ ಹೊತ್ತಿನದು. ಇದಕ್ಕೆ ಬತ್ತಿಯಿಲ್ಲ. ಒತ್ತಡಕ್ಕೆ ಮೇಲೇರುವ ಸೀಮೆಎಣ್ಣೆ ಕಾದ ಬರ್ನರಿನ ಕೊಳವೆಯಲ್ಲಿ ಆವಿಯಾಗಿ, ಅದರ ಬಾಯಿಗೆ ಕೂರಿಸಿದ ನಿಪ್ಪಲ್‌ನ ಸಣ್ಣ ತೂತಿನಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ಉರಿಯುತ್ತದೆ. ಬರ್ನರ್ ಮೊದಲೇ ಕಾದಿರದಿದ್ದರೆ ಆವಿಯಿಲ್ಲ. ಸ್ಪಿರಿಟ್ ಬೇಕಾಗಿದ್ದು ಅದಕ್ಕೇ.

ಹಚ್ಚುವ ಕ್ರಮ ಹೀಗೆ. ಟ್ಯಾಂಕಿಗೆ ಮುಕ್ಕಾಲು ಮಟ್ಟ ಮೀರಿ ಎಣ್ಣೆ ಹಾಕಬಾರದು, ಮೇಲೆ ಗಾಳಿಗೆ ಜಾಗ ಬೇಕು. ಗಾಳಿ ಬಿಡುವ ಸ್ಕ್ರೂ ಸಡಿಲವಾಗಿರಲಿ. ಬರ್ನರಿನ ಬುಡದ ಬಟ್ಟಲಿಗೆ ಸ್ಪಿರಿಟ್ ಸುರಿದು ಹಚ್ಚಿ, ಅದು ಇನ್ನೇನು ಆರುತ್ತದೆ ಅನ್ನುವಾಗ ಸ್ಕ್ರೂ ಬಿಗಿದು ಮೂರುನಾಲ್ಕು ಸಲ ಪಂಪ್ ಒತ್ತಬೇಕು. ಭುಸ್ಸೆಂದು ನೀಲಿ ಉರಿ ಬಂದಮೇಲೆಯೇ ಇನ್ನಷ್ಟು ಗಾಳಿ. ಅವಸರಕ್ಕೆ ಮೊದಲೇ ಒತ್ತಿದರೆ ಎಣ್ಣೆ ಎಣ್ಣೆಯಾಗಿಯೇ ಹೊರಬಂದು ಹಳದಿ ಜ್ವಾಲೆ ಆಳೆತ್ತರಕ್ಕೆ ಏಳುತ್ತದೆ. ಆಗ ಮಾಡಬೇಕಾದ್ದು ಒಂದೇ: ಸ್ಕ್ರೂ ಬಿಚ್ಚಿ ಒತ್ತಡ ಇಳಿಸಿ, ಮತ್ತೆ ಸ್ಪಿರಿಟಿನಿಂದ ಶುರುಮಾಡುವುದು. ಆರಿಸುವುದೂ ಆ ಸ್ಕ್ರೂವಿನಿಂದಲೇ. ಬಿಸಿ ಸ್ಟೌಗೆ ಎಣ್ಣೆ ತುಂಬಲೇಬಾರದು.

ಪಿನ್ ಬೇಕಾಗಿದ್ದು ನಿಪ್ಪಲ್‌ನಲ್ಲಿ ಮಸಿ ಕಟ್ಟುತ್ತಿದ್ದುದರಿಂದ. ನೇರವಾಗಿ ಹಾಕಿ ನೇರವಾಗಿ ತೆಗೆಯಬೇಕು. ಓರೆಯಾಗಿ ತಿರುವಿದರೆ ತೂತು ಅಗಲವಾಗಿ, ಆವಿ ಹೆಚ್ಚು, ಗಾಳಿ ಸಾಲದು; ಪಾತ್ರೆಯ ತಳವೆಲ್ಲ ಕಪ್ಪು. ನಿಪ್ಪಲ್ ಬದಲಿಸದೆ ಬೇರೆ ದಾರಿಯಿಲ್ಲ. ಪಂಪ್ ಒತ್ತಿದರೂ ಗಾಳಿ ಹಿಡಿಯದಿದ್ದರೆ ಒಳಗಿನ ಚರ್ಮದ ವಾಷರ್ ಒಣಗಿರುತ್ತದೆ: ಎಣ್ಣೆಯಲ್ಲಿ ನೆನೆಸಿ, ಅಂಚನ್ನು ಹೊರಕ್ಕೆ ಹರಡಿ ಕೂರಿಸಿ. ಹಿಡಿ ತಾನಾಗಿ ಹಿಂದಕ್ಕೆ ತಳ್ಳಿದರೆ ಪಂಪಿನ ತಳದ ವಾಲ್ವ್ ಸೋರುತ್ತಿದೆ ಎಂದರ್ಥ.

ದಿನಚರಿಯ ಮಾತಿಗೆ ಬಂದರೆ, ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಹೊಗೆ ತಪ್ಪಿದ್ದಷ್ಟೇ ಅಲ್ಲ. ಸೌದೆ ಒಲೆಗೆ ಕಡಿಯುವವರು, ಹೊರುವವರು, ಊದುವವರು ಅಂತ ಮನೆಯ ಹಲವು ಕೈ ಬೇಕಿತ್ತು. ಪಂಪ್ ಸ್ಟೌಗೆ ಒಬ್ಬರೇ ಸಾಕು. ಆ ಒಬ್ಬರು ಮಾತ್ರ ಅದರ ಮುಂದಿನಿಂದ ಏಳುವಂತಿರಲಿಲ್ಲ! ಕೆಂಡದ ಮೇಲೆ ತಾನಾಗಿ ಬಿಸಿಯಾಗಿರುತ್ತಿದ್ದ ನೀರೂ ಇಲ್ಲವಾಯಿತು. ಇರುವ ಒಂದೇ ಉರಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಲೆಕ್ಕ ಹಾಕಬೇಕಾಯಿತು.

ಎರಡುತೊಟ್ಟಿ:
ಮೇಲಿನವರ ಮಾತು ಬಟ್ಟೆ ಒಗೆತಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ. ನೆನೆಹಾಕು, ಉಜ್ಜು, ಕುದಿಸು, ಎರಡು ಸಲ ಜಾಲಿಸು, ಹಿಂಡು, ಹರವು: ದೊಡ್ಡ ಬಟ್ಟೆ ಹಿಂಡಲು ಇಬ್ಬರು ಎದುರುಬದುರು ನಿಲ್ಲಬೇಕಿತ್ತು. ಅದರಿಂದಲೇ ಒಗೆತಕ್ಕೆ ಅಂತ ಒಂದು ದಿನ ಗೊತ್ತುಮಾಡುತ್ತಿದ್ದುದು. ಒಂದರಲ್ಲಿ ಒಗೆದು, ಇನ್ನೊಂದರಲ್ಲಿ (ಡ್ರೈಯರ್) ತಿರುಗಿಸಿ ಹಿಂಡುವ ಎರಡು ತೊಟ್ಟಿಯ ಮಷೀನು ಬಂದಮೇಲೆ ಯಾವ ದಿನವಾದರೂ ನಡೆಯಿತು. ಆದರೆ ಜೊತೆಗೆ ನಿಲ್ಲುತ್ತಿದ್ದವರು ಎದ್ದುಹೋದರು, ಬಟ್ಟೆಯೂ ಬೇಗಬೇಗ ಒಗೆತಕ್ಕೆ ಬೀಳತೊಡಗಿತು. ‘ಮಷೀನು ಇದೆಯಲ್ಲ’ ಅನ್ನುವ ಮಾತಿನ ಭಾರ ಹೊತ್ತವರು ಒಬ್ಬರೇ.

ಫಲಕಕ್ಕೆ ಬೇಕಾದರೆ: ಒಂದೇ ಸೋಪಿನ ನೀರಿನಲ್ಲಿ ಮೊದಲು ಬಿಳಿ, ಆಮೇಲೆ ಬಣ್ಣದ್ದು, ಕೊನೆಗೆ ಹೆಚ್ಚು ಕೊಳೆಯಾದದ್ದು. ಡ್ರೈಯರ್ ತೊಟ್ಟಿ ಧಡಧಡ ಬಡಿದುಕೊಂಡರೆ ಹೆಚ್ಚಿನ ಸಲ ಮೋಟರಿನದಲ್ಲ ತಪ್ಪು, ಬಟ್ಟೆ ಒಂದೇ ಕಡೆ ತುಂಬಿರುತ್ತದೆ. ಬಟ್ಟೆಯನ್ನು ಸುತ್ತಲೂ ಸಮನಾಗಿ ಒತ್ತಿ, ಮೇಲೆ ಪ್ಲಾಸ್ಟಿಕ್ ಬಿಲ್ಲೆ ಇಡಬೇಕು. ಅದಕ್ಕೂ ಹಿಂದಿನ, ಎರಡು ರೋಲರಿನ ನಡುವೆ ಬಟ್ಟೆ ತೂರಿಸಿ ಹಿಂಡುವ ಮಷೀನು ಗುಂಡಿಗಳನ್ನು ಒಡೆಯುತ್ತಿತ್ತು, ಬೆರಳುಗಳನ್ನೂ ಎಳೆದುಕೊಳ್ಳುತ್ತಿತ್ತು. ನಿಮ್ಮಲ್ಲಿ ಅದು ಇದ್ದರೆ ರೋಲರ್ ಸಡಿಲಿಸುವ ಹಿಡಿಯನ್ನು ತಪ್ಪದೆ ತೋರಿಸಿ.

ಹಳೆಸಾಮಾನು:
ತುಂಬ ಉಪಕಾರವಾಯಿತು. ಮರದ ಪೆಟ್ಟಿಗೆಯ ವಾಲ್ವ್ (ಕಾದಮೇಲೆ ಕೆಲಸ ಮಾಡುವ ಗಾಜಿನ ಬುರುಡೆ) ರೇಡಿಯೊ ಒಂದಿದೆ, ಬಹಳ ವರ್ಷದಿಂದ ಮೂಲೆಯಲ್ಲಿತ್ತು. ಹಾಕಿ ಕೇಳಿಸಬಹುದೇ?

ಕಂಡೆನ್ಸರ್:
ದಯವಿಟ್ಟು ನೇರವಾಗಿ ಕರೆಂಟು ಕೊಡಬೇಡಿ. ಬಹಳ ಕಾಲ ಸುಮ್ಮನಿದ್ದ ಸೆಟ್ಟಿನ, ಕರೆಂಟನ್ನು ತುಂಬಿಟ್ಟುಕೊಳ್ಳುವ ಎಲೆಕ್ಟ್ರೊಲೈಟಿಕ್ ಕಂಡೆನ್ಸರ್‌ಗಳು ಕೆಟ್ಟಿರುತ್ತವೆ. ಗುಂಯ್ ಅನ್ನುವುದು ಸಣ್ಣ ಸಮಸ್ಯೆ, ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರೇ ಸುಟ್ಟೀತು. ಮೊದಲು ಅವನ್ನು ಬದಲಿಸಿ. ವಾಲ್ವಿನೊಳಗಿನ ಪ್ಲೇಟ್ ಎಂಬ ಲೋಹದ ಭಾಗಕ್ಕೆ ಹೋಗುವುದು 200 ವೋಲ್ಟಿನ ಆಸುಪಾಸು. ಪ್ಲಗ್ ಕಿತ್ತಮೇಲೂ ಕಂಡೆನ್ಸರಿನಲ್ಲಿ ಅದು ಉಳಿದಿರುತ್ತದೆ, ಬರಿಗೈ ಹಾಕಬಾರದು.

ಇಂಥ ಸೆಟ್ಟಿಗೆ ಪ್ಲಗ್, ಏರಿಯಲ್, ಅರ್ಥಿಂಗ್ ಮೂರೂ ಬೇಕಿದ್ದರಿಂದ ಅದಕ್ಕೆ ಮನೆಯಲ್ಲಿ ಒಂದೇ ಜಾಗ. ಕೇಳುವವರೇ ಅದರ ಹತ್ತಿರ ಬಂದು, ವಾಲ್ವ್ ಕಾದು ದನಿ ಬರುವ ತನಕ ಸುಮಾರು ಅರ್ಧ ನಿಮಿಷ ಕಾಯಬೇಕು. ಯಾವ ಸ್ಟೇಷನ್ ಅನ್ನುವುದೂ ಎಲ್ಲರ ಪರವಾಗಿ ಒಬ್ಬರ ತೀರ್ಮಾನ. ಅಮೆರಿಕದಲ್ಲಿ 1954ರಲ್ಲಿ ವಾಲ್ವಿನ ಬದಲು ನಾಲ್ಕು ಪುಟ್ಟ ಟ್ರಾನ್ಸಿಸ್ಟರ್ ಇದ್ದ ರೀಜೆನ್ಸಿ ಟಿಆರ್-1 ರೇಡಿಯೊ ಮಾರಾಟಕ್ಕೆ ಬಂತು. ಆಮೇಲೆ ರೇಡಿಯೊ ಜೇಬು ಸೇರಿತು, ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ತಮಗೆ ಬೇಕಾದ್ದು ಕೇಳತೊಡಗಿದರು. ಜೋಡಿಸುವಾಗ ವಾಲ್ವ್ ಸೆಟ್ಟಿನ ಎದುರಿಗೆ ಮೂರುನಾಲ್ಕು ಕುರ್ಚಿ ಹಾಕಿ, ಟ್ರಾನ್ಸಿಸ್ಟರನ್ನು ದಿಂಬಿನ ಪಕ್ಕ ಇಡಿ. ಫಲಕದಲ್ಲಿ ಎರಡು ಸಾಲು ಬರೆಯುವುದು ತಪ್ಪುತ್ತದೆ.