ಎರಡು ಚಹಾ

ಎಲ್ಲರಿಗೂ ವಂದನೆ. ಟೈಪ್ ಮಾಡೋಕೆ ನನ್ನ ಕಣ್ಣು ಕೇಳಲ್ಲ, ಅದಕ್ಕೆ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ, ಬೇಸರ ಮಾಡಿಕೊಳ್ಳಬೇಡಿ. ಮಧ್ಯೆ ಕುಕ್ಕರ್ ಕೂಗಿದರೆ ಅದು ನಿಮ್ಮ ದೊಡ್ಡಮ್ಮನ ಉತ್ತರ ಅಂದುಕೊಳ್ಳಿ.

ತಮ್ಮಾ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಎರಡು ಸಲ ಓದಿದೆ. ಹತ್ತಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ಇನ್ನೂ ಎರಡು ತಿಂಗಳಾಗಿಲ್ಲ. ತೇವ ನೋಡುವ ಮೆಷಿನ್ ಹತ್ತಿರ ನಿನ್ನನ್ನು ಕೂರಿಸಿದ್ದಾರೆ. ಮೆಷಿನ್ 10 ತೋರಿಸಿದರೆ 12 ಬರಿ ಅನ್ನುತ್ತಾರೆ. ಏನು ಮಾಡಲಿ, ಕರ್ತನು ದಾರಿ ತೋರಿಸಲಿ ಅಂತ ಎಲ್ಲರೂ ಪ್ರಾರ್ಥನೆ ಮಾಡಿ ಅಂತ ಕೇಳಿದ್ದೀಯ. ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು ಬಿದ್ದಿವೆ. ನಾನು ಹಾಕಲಿಲ್ಲ.

ಯಾಕಂದರೆ ದಾರಿ ನಿನಗೆ ಗೊತ್ತಿದೆ. ಗೊತ್ತಿಲ್ಲದಿದ್ದರೆ ರಾತ್ರಿ ಹನ್ನೊಂದೂವರೆಗೆ ಕೂತು ಅಷ್ಟುದ್ದ ಬರೆಯುತ್ತಿರಲಿಲ್ಲ. ಗೊತ್ತಿರುವುದಕ್ಕೂ ದಾರಿ ಕೇಳುತ್ತಾ ಕೂರುವುದು ಸುಮ್ನೆ ದಿನ ತಳ್ಳೋದು, ಅಷ್ಟೇ. ನಾನೂ ತಳ್ಳಿದ್ದೇನೆ, ನಾಲ್ಕು ತಿಂಗಳು. ಧೈರ್ಯ ಕೊಡು ಅಂತ ಕೇಳು, ನಿನ್ನ ಜೊತೆ ನಾನೂ ಮೊಣಕಾಲೂರುತ್ತೇನೆ.

ಚಿಕ್ಕಪ್ಪ ಬರೆದಿದ್ದನ್ನೂ ನೋಡಿದೆ. ಲೋಕವೇ ಹಿಂಗಿದೆ, ನೀನು ಚರ್ಚಿಗೆ ಕೊಡೋ ದಶಮಾಂಶ ತಪ್ಪಿಸಬೇಡ, ಉಳಿದದ್ದು ಕರ್ತನು ನೋಡಿಕೊಳ್ಳುತ್ತಾನೆ ಅಂತ. ಅವನಿಗೆ ನಿನ್ನ ಮೇಲೆ ಪ್ರೀತಿ ಇದೆ, ಕೆಲಸ ಹೋದೀತು ಅನ್ನೋ ಭಯ. ಆದರೆ ಚಿಕ್ಕಪ್ಪಾ, ರೈತನ ಅಂಡಿಗೆಯಿಂದ, ಅಂದರೆ ಹತ್ತಿ ಚೀಲದಿಂದ, ತೆಗೆದದ್ದರಲ್ಲಿ ಹತ್ತನೇ ಒಂದು ಪಾಲು ಕೊಟ್ಟುಬಿಟ್ಟರೆ ಸರಿಹೋಗುತ್ತಾ? ಕರ್ತನೇನು ಮಿಲ್ಲಿನ ಪಾಲುದಾರನಾ?

ಎರಡು ಅಂಕಿ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ ನೋಡೋಣ. ಸರ್ಕಾರದ ಹತ್ತಿ ಖರೀದಿಯಲ್ಲಿ ತೇವ ಶೇ 8ರವರೆಗೆ ಪೂರ್ತಿ ದರ. ಆಮೇಲೆ ಒಂದೊಂದು ಅಂಕಿ ಏರಿದಂತೆ ದರದಲ್ಲಿ ಶೇ 1 ಕಡಿತ. ಶೇ 12 ದಾಟಿದರೆ ಮಾಲು ವಾಪಸ್. ನಿಮ್ಮಲ್ಲೂ ಇದೇ ಲೆಕ್ಕ ಹಿಡಿಯುತ್ತಾರೆ ಅಂತ ನೀನೇ ಹೇಳಿದ್ದೀಯ. ಕ್ವಿಂಟಲಿಗೆ 7,500 ರೂಪಾಯಿ ಅಂತ ಹಿಡಿ. ಎರಡು ಅಂಕಿಗೆ 150 ರೂಪಾಯಿ. 20 ಕ್ವಿಂಟಲ್ ತಂದವನಿಗೆ 3,000 ಹೋಯಿತು. ಹತ್ತಿ ಬಿಡಿಸೋಕೆ ಬಂದ ಹೆಣ್ಣಾಳುಗಳ ಕೂಲಿ ಎಷ್ಟು ಅಂತ ನಿನ್ನ ಅಮ್ಮನನ್ನು ಕೇಳು. ಮದುವೆಗೆ ಮುಂಚೆ ಅವಳೂ ಆ ಸಾಲಿನಲ್ಲಿ ಬಗ್ಗಿ ಬಿಡಿಸಿದವಳು.

ಈಗ ನನ್ನದು. ಇದನ್ನು ಮನೆಯಲ್ಲಿ ಇಬ್ಬರಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಇಪ್ಪತ್ತು ವರ್ಷದ ಮೇಲಾಯಿತು. ರಾಯಚೂರಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಮಾಲೀಕರು ಗಾದಿ ಮೇಲೆ, ನಾನು ತೂಕದ ಪಕ್ಕ ಪುಸ್ತಕ ಹಿಡಿದು. ಹಮಾಲರು ಅಂಡಿಗೆ ಇಡುತ್ತಿದ್ದರು, ನಾನು ತೂಕ ನೋಡಿ ಬರೆಯುತ್ತಿದ್ದೆ. ರೈತ ಯಾರು, ಎಷ್ಟು ಓದಿದ್ದಾನೆ ಅಂತ ನೋಡಿ ಮಾಲೀಕರು 'ಎರಡು ಚಹಾ ಹೇಳು' ಅನ್ನುತ್ತಿದ್ದರು. ಅಂದರೆ ಅಂಡಿಗೆಗೆ ಎರಡು ಕೆ.ಜಿ. ಕಡಿಮೆ ಬರಿ ಅಂತ. ಮೂರು ಚಹಾ ಅಂದರೆ ಮೂರು. ಮಜಾ ಏನಂದರೆ ಚಹಾನೂ ಬರುತ್ತಿತ್ತು, ರೈತನೂ ಕುಡಿದು ಒಳ್ಳೇ ಮನುಷ್ಯ ಅಂತ ಹೋಗುತ್ತಿದ್ದ. ನಾನು ಇವತ್ತಿಗೂ ಹೋಟೆಲಲ್ಲಿ ಎರಡು ಚಹಾ ಅನ್ನಲ್ಲ. ಒಂದು ಹೇಳಿ, ತಡೆದು ಇನ್ನೊಂದು ಹೇಳುತ್ತೇನೆ. ದೊಡ್ಡಮ್ಮ ನಗುತ್ತಾಳೆ.

ಅದೇ ಹೊತ್ತಿಗೆ ನಾನು ನಮ್ಮ ಚರ್ಚಿನ ಸಭೆಯ ಖಜಾಂಚಿ. ಭಾನುವಾರ ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುವಾಗ ಎಂಟಾಣೆ ಹೆಚ್ಚು ಕಡಿಮೆಯಾದರೆ ಮತ್ತೆ ಮೊದಲಿಂದ ಎಣಿಸುತ್ತಿದ್ದೆ. ಬೈಬಲಿನ ಧರ್ಮೋಪದೇಶಕಾಂಡ 25ರಲ್ಲಿ ಒಂದು ಮಾತಿದೆ, ಚೀಲದಲ್ಲಿ ದೊಡ್ಡದೊಂದು ಸಣ್ಣದೊಂದು ಎರಡು ತೂಕದ ಕಲ್ಲು ಇಟ್ಟುಕೊಳ್ಳಬೇಡ ಅಂತ. ಕೊಳ್ಳೋಕೆ ಒಂದು ಕಲ್ಲು, ಮಾರೋಕೆ ಒಂದು. ನನ್ನ ಹತ್ತಿರ ಕಲ್ಲು ಇರಲಿಲ್ಲ, ಪೆನ್ನು ಇತ್ತು. ಭಾನುವಾರದ ಪೆನ್ನು ಒಂದು, ಸೋಮವಾರದ್ದು ಇನ್ನೊಂದು. ಓದಲಿಲ್ಲ, ತಿಳಿಯಲಿಲ್ಲ ಅನ್ನೋ ಹಾಗೂ ಇಲ್ಲ. ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದವರು. ಅವರೂ ಜೊತೆಯವರೂ ವರ್ಷಾನುಗಟ್ಟಲೆ ದುಡಿದು 1831ಕ್ಕೆ ಪೂರ್ತಿ ಬೈಬಲ್ ಕನ್ನಡಕ್ಕೆ ಬಂತು. ನಮ್ಮ ಸೀಮೆಯಲ್ಲೇ ಆದ ಕೆಲಸ.

ಒಂದು ದಿನ ದೇವದುರ್ಗದ ಕಡೆಯ ರೈತ ಒಬ್ಬ 14 ಅಂಡಿಗೆ ತಂದ. ವಯಸ್ಸಾದವನು, ಅಕ್ಷರ ಬಾರದು. ಎರಡು ಚಹಾ ಹೇಳಿಯಾಗಿತ್ತು. ಚೀಟಿ ಕೊಟ್ಟೆ. ಆತ ಅದನ್ನು ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟ. 'ನೀವು ಸಭೆಯವರಂತಲ್ರೀ, ನೀವೇ ಓದಿ ಹೇಳ್ರಿ. ನೀವು ಸುಳ್ಳು ಹೇಳಂಗಿಲ್ಲ' ಅಂದ. ನಾನು ಓದಿದೆ. ಸುಳ್ಳು ಅಂಕಿಯನ್ನೇ, ದೊಡ್ಡ ದನಿಯಲ್ಲಿ, ಸ್ಪಷ್ಟವಾಗಿ. ಆತ ತಲೆ ಆಡಿಸಿ ಚೀಟಿಯನ್ನು ಜೇಬಿನ ಒಳಗಿನ ಚೀಲಕ್ಕೆ ಹಾಕಿಕೊಂಡ.

ಅಂಗಡಿಯಲ್ಲಿ ನನಗಿಂತ ಲೆಕ್ಕ ಬಲ್ಲವರು ಇದ್ದರು. ಆದರೂ ಆ ಪುಸ್ತಕ ನನ್ನ ಕೈಗೆ ಯಾಕೆ ಕೊಟ್ಟಿದ್ದರು ಅಂತ ಆವತ್ತು ತಿಳಿಯಿತು. ನನ್ನ ಲೆಕ್ಕಕ್ಕಲ್ಲ, ನನ್ನ ಹೆಸರಿಗೆ. ಸಭೆಯವನು ಅನ್ನೋ ನಂಬಿಕೆಯೇ ಅವರ ಬಂಡವಾಳ. ತಮ್ಮಾ, ಬಂದ ಎರಡೇ ತಿಂಗಳಿಗೆ ನಿನ್ನನ್ನು ಮೆಷಿನ್ ಹತ್ತಿರ ಯಾಕೆ ಕೂರಿಸಿದರು ಅಂತ ಯೋಚನೆ ಮಾಡಿದ್ದೀಯಾ?

ಆದರೆ ಪ್ರಾಮಾಣಿಕತೆ ನಮ್ಮ ಸಭೆಯವರ ಸ್ವಂತ ಆಸ್ತಿ ಅಂತ ತಿಳಿಯಬೇಡಿ. ಪಕ್ಕದ ಅಂಗಡಿಯಲ್ಲಿ ತೂಕ ಬರೆಯುತ್ತಿದ್ದವರು ಮುಸ್ಲಿಮರು. ಒಂದು ಕೆ.ಜಿ. ಅತ್ತಿತ್ತ ಬರೆದವರಲ್ಲ. ಅವರ ಎದುರು ಟಿಫಿನ್ ಬಿಚ್ಚೋಕೆ ನನಗೆ ನಾಚಿಕೆ ಆಗುತ್ತಿತ್ತು.

ಅವತ್ತೇ ಕೆಲಸ ಬಿಟ್ಟೆ ಅಂತ ಹೇಳಿದರೆ ಸಭೆ ಮುಂದೆ ಹೇಳೋ ಸಾಕ್ಷಿ ಚೆನ್ನಾಗಿರುತ್ತೆ. ಬಿಡಲಿಲ್ಲ. ನಾಲ್ಕು ತಿಂಗಳು ಪ್ರಾರ್ಥನೆ ಮಾಡಿದೆ, ಬರೆದೆ. ಬಿಟ್ಟ ಮೇಲೂ ಲೆಕ್ಕ ಮುಗಿಯಲಿಲ್ಲ. 14 ಅಂಡಿಗೆಗೆ 28 ಕೆ.ಜಿ. ಆಗಿನ ದರ ಕೆ.ಜಿ.ಗೆ 20 ರೂಪಾಯಿ. 560. ಬೈಬಲಿನಲ್ಲಿ ಬರುವ ಜಕ್ಕಾಯ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ, ಅವನು ಸುಂಕದವರ ಮುಖ್ಯಸ್ಥ, ಐಶ್ವರ್ಯವಂತ. ನನ್ನ ಕೈಲಿ ಅಷ್ಟಿರಲಿಲ್ಲ. ಬೈಬಲಿನ ಅರಣ್ಯಕಾಂಡ 5ರಲ್ಲಿ ತಪ್ಪು ಒಪ್ಪಿಕೊಂಡವನು ಪೂರ್ತಿ ಮೊತ್ತದ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು ಅಂತಿದೆ. 672 ರೂಪಾಯಿ ಜೇಬಿಗಿಟ್ಟುಕೊಂಡು ಬಸ್ ಹತ್ತಿದೆ.

ಆತ ಕಟ್ಟೆ ಮೇಲೆ ಕೂತಿದ್ದ. ಹೇಳಿದೆ. ಬೈಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ದುಡ್ಡು ತಗೊಂಡು ಎರಡು ಸಲ ಎಣಿಸಿದ. 'ಉಳಿದವರದು?' ಅಂದ.

ಉಳಿದವರ ಊರು ನನಗೆ ಗೊತ್ತಿರಲಿಲ್ಲ. ಚೀಟಿಯೂ ಇರಲಿಲ್ಲ. ಇವತ್ತಿಗೂ ಇಲ್ಲ.

ಅದಕ್ಕೇ ನಿನಗೆ ಅವಸರ ಮಾಡುತ್ತಿದ್ದೇನೆ. ನಿನ್ನ ಪಟ್ಟಿ ಇನ್ನೂ ಚಿಕ್ಕದು. ಈಗಾಗಲೇ 12 ಅಂತ ಬರೆದ ಗಾಡಿಗಳಿದ್ದರೆ ರೈತರ ಹೆಸರು, ಊರು ಇವತ್ತೇ ಬರೆದಿಟ್ಟುಕೋ, ಮರೆಯುತ್ತೆ. ಸೋಮವಾರ ಮೊದಲ ಗಾಡಿ ಬರುವ ಮುಂಚೆ ಮ್ಯಾನೇಜರನ್ನು ಒಬ್ಬರೇ ಇರುವಾಗ ನೋಡು. ಮೆಷಿನ್ ತೋರಿಸಿದ್ದನ್ನು ಬರೆಯುತ್ತೇನೆ, ಆಗಲ್ಲ ಅಂದರೆ ಬೇರೆ ಕೆಲಸ ಕೊಡಿ, ಲೋಡಿಂಗ್ ಆದರೂ ಸರಿ ಅಂತ ಹೇಳು. ಬೈಬಲ್ ವಚನ ಹೇಳಬೇಡ. ಜೊತೆಯವರ ಹೆಸರು ಎತ್ತಬೇಡ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ, ಅಷ್ಟೇ ಮಾತು. ಕಳಿಸಿಬಿಡಬಹುದು. ಕಳಿಸಲ್ಲ ಅಂತ ನಾನು ಹೇಗೆ ಹೇಳಲಿ? ನನಗೆ ಆಗ ಏಳು ತಿಂಗಳು ಕೆಲಸ ಸಿಗಲಿಲ್ಲ.

ಮನೆ ಬಾಡಿಗೆ ಎರಡು ತಿಂಗಳದ್ದು ನಾನು ಹಾಕುತ್ತೇನೆ. ದೊಡ್ಡಮ್ಮನಿಗೆ ಹೇಳಿದ್ದೇನೆ, ಜೋಳ ಒಂದು ಚೀಲ ತೆಗೆದಿಟ್ಟಿದ್ದಾಳೆ. ಚಿಕ್ಕಪ್ಪಾ, ನೀನೂ ಏನಾದರೂ ಸೇರಿಸು.

ಸೋಮವಾರ ಹೋಗುವ ಮುಂಚೆ ಫೋನ್ ಮಾಡು. ಐದೂವರೆಗೆಲ್ಲ ಎದ್ದಿರುತ್ತೇನೆ.