ಅಪ್‌ಡೇಟ್: ಕೊಡಲಿಯ ಕಾವು ಕೊನೆಗೂ ಬಿಗಿಯಾಯಿತು

ಬೇಸಿಗೆ ಬಂದರೆ ಕೊಡಲಿಯ ತಲೆ ಕಾವಿನಲ್ಲಿ, ಅಂದರೆ ಮರದ ಹಿಡಿಯಲ್ಲಿ, ಅಲುಗಾಡುತ್ತದೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಅದು ಬಗೆಹರಿಯಿತು. ರಾತ್ರಿಯಿಡೀ ನೀರಿನಲ್ಲಿ ನೆನೆಸಿಡುವ ಉಪಾಯ ನಿಲ್ಲಲಿಲ್ಲ. ಉಬ್ಬಿದ ಮರ ಒಣಗಿದೊಡನೆ ಮೊದಲಿಗಿಂತಲೂ ಸಡಿಲವಾಯಿತು. ಕೈಹಿಡಿದದ್ದು ಬೆಣೆಯ ಸಲಹೆ. ಚೆನ್ನಾಗಿ ಒಣಗಿದ ಜಾಲಿಯ ಕಾವು ತಂದು, ತುದಿಯನ್ನು ಗರಗಸದಿಂದ ಸೀಳಿ, ತಲೆಯ ತೂತಿನೊಳಗೆ ಕೂರಿಸಿ, ಆ ಸೀಳಿಗೆ ಮರದ ಬೆಣೆ ಬಡಿದೆ.

ಅಚ್ಚರಿ ತಂದದ್ದು ಕೂರಿಸುವ ಬಗೆ. ಕೊಡಲಿಯನ್ನು ತಲೆಕೆಳಗಾಗಿ ಎತ್ತಿ ಹಿಡಿದು ಕಾವಿನ ಬುಡಕ್ಕೆ ಮರದ ಸುತ್ತಿಗೆಯಿಂದ ಹೊಡೆಯಬೇಕು. ಭಾರದ ತಲೆ ಇದ್ದಲ್ಲೇ ನಿಲ್ಲುತ್ತದೆ, ಕಾವು ಮಾತ್ರ ಒಳಗೆ ನುಗ್ಗುತ್ತದೆ! ನೆಲಕ್ಕೆ ಕುಟ್ಟುವುದಕ್ಕಿಂತ ಇದು ಎಷ್ಟೋ ವಾಸಿ.

ಬೆಣೆ ಸೂಚಿಸಿದವರಿಗೆ ಮನಸಾರೆ ಧನ್ಯವಾದ. ಹಲಸಿನ ಸೌದೆಯನ್ನೆಲ್ಲ ಒಡೆದಾಯಿತು, ತಲೆ ಕೂದಲೆಳೆಯಷ್ಟೂ ಕದಲಿಲ್ಲ.